ಗಾಳಿಗೆ ಎದುರು, ಗಾಳಿಗೆ ಮರೆ: ವಿಂಡ್‌ವರ್ಡ್, ಲೀವರ್ಡ್ ಅಂದ್ರೇನು?

ಇವತ್ತಿನ ಪದಗಳು ಸಮುದ್ರದ್ದು, ಆದ್ರೆ ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರಿಗೆ ಅಡಿಕೆ ತೋಟದಲ್ಲೂ ಕೆಲಸಕ್ಕೆ ಬರ್ತವೆ.

ಹಡಗಿಗೆ ಗಾಳಿ ಬಂದು ಬಡಿಯೋ ಬದಿ ವಿಂಡ್‌ವರ್ಡ್. ಅದರ ಆಚೆ ಬದಿ, ಗಾಳಿಗೆ ಮರೆಯಾದದ್ದು, ಲೀವರ್ಡ್. ಹಳೇ ಇಂಗ್ಲಿಷ್‌ನಲ್ಲಿ 'ಲೀ' ಅಂದ್ರೆ ಆಸರೆ. ನಾವಿಕರ ಬಾಯಲ್ಲಿ ಅದು 'ಲೂವರ್ಡ್' ಆಗುತ್ತೆ. ಇವು ಪೂರ್ವ, ಪಶ್ಚಿಮದ ಹಾಗೆ ಗಟ್ಟಿ ದಿಕ್ಕುಗಳಲ್ಲ. ಗಾಳಿ ತಿರುಗಿದ್ರೆ ಇವೂ ತಿರುಗ್ತವೆ. ನೀವು ಎಲ್ಲಿ ನಿಂತಿದೀರಿ ಅನ್ನೋದರ ಮೇಲೂ ಬದಲಾಗ್ತವೆ. ಮಳೆಗಾಲದಲ್ಲಿ ಮಲ್ಪೆ ತೀರ ನೆಲದ ಮೇಲಿರೋರಿಗೆ ಗಾಳಿಗೆ ಎದುರಾದ ಬದಿ. ಕಡಲಲ್ಲಿರೋ ಹಡಗಿಗೆ ಅದೇ ತೀರ 'ಲೀ ಶೋರ್', ಅಂದ್ರೆ ಹಡಗಿನ ಮರೆಬದಿಗಿರೋ ದಡ. ಹೆಸರಲ್ಲಿ ಆಸರೆ ಇದ್ರೂ ಹಾಯಿಹಡಗಿನವರು ಹೆದರ್ತಿದ್ದದ್ದು ಅದಕ್ಕೇ. ಗಾಳಿ ಹಡಗನ್ನ ನೇರ ಅಲ್ಲಿಗೇ ತಳ್ಳುತ್ತೆ.

ಈಗ ಘಟ್ಟ ಹತ್ತೋಣ. ನೈಋತ್ಯದ ಒದ್ದೆ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತೆ, ತಣ್ಣಗಾಗುತ್ತೆ, ಸುರಿಯುತ್ತೆ. ಇಳಿಯುವಾಗ ಬಿಸಿಯಾಗಿ ಒಣಗುತ್ತೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿ.ಮೀ. ದಾಟೋದು ಇದರಿಂದಲೇ. ಶೃಂಗೇರಿ ಕಥೆ ಸ್ವಲ್ಪ ಬೇರೆ. ಅದು ಇರೋದು ನೆತ್ತಿಯಿಂದ ಈಚೆ, ತುಂಗೆಯ ಕಣಿವೆಯಲ್ಲಿ. ಪುಸ್ತಕದ ಲೆಕ್ಕಕ್ಕೆ ಮರೆಬದಿ! ಆದ್ರೂ 3,500 ಮಿ.ಮೀ. ಆಸುಪಾಸು ಮಳೆ. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ, ನೆತ್ತಿ ದಾಟಿದ ಕೂಡಲೇ ಮೋಡದ ಬ್ಯಾಲೆನ್ಸ್ ಝೀರೋ ಆಗಲ್ಲ, ಕ್ಯಾರಿ ಫಾರ್ವರ್ಡ್ ಆಗುತ್ತೆ. ಕೊಪ್ಪ ದಾಟಿ ಎನ್.ಆರ್. ಪುರಕ್ಕೆ ಬರೋ ಹೊತ್ತಿಗೆ ಅರ್ಧಕ್ಕರ್ಧ ಖರ್ಚು. ಕಡೂರಿಗೆ ಉಳಿಯೋದು 600ರ ಹತ್ತಿರ. ಅದನ್ನೇ ಸ್ಕೂಲಲ್ಲಿ 'ಮಳೆ ನೆರಳಿನ ಪ್ರದೇಶ' ಅಂತ ಓದಿದ್ದು.

ಬಿಡದೆ ಹೊಯ್ಯೋ ಕಡೆ ಅಡಿಕೆಗೆ ಕೊಳೆರೋಗದ ಭಯ ಜಾಸ್ತಿ. ಹಾಗಾಗಿ ಮಳೆ ಹಿಡಿಯೋ ಮುಂಚೆ ಒಂದು ಸಲ, ಆಮೇಲೆ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ ಬೋರ್ಡೋ ಹೊಡೀತಾರೆ. ಈಗ ಕೊನೆಗಾರರು ಸಿಗೋದು ಕಷ್ಟ, ತುಂಬಾ ಹುಡುಗರು ಕಾರ್ಬನ್ ಫೈಬರ್ ದೋಟಿ ಹಿಡಿದು ಕೆಳಗಿಂದಲೇ ಹೊಡೀತಾರೆ. ಗಾಳಿ ಲೆಕ್ಕ ತಪ್ಪಿದ್ರೆ ಮೈಲುತುತ್ತ, ಸುಣ್ಣದ ನೀರು ಗೊನೆಗೆ ಹೋಗಲ್ಲ, ಕಣ್ಣಿಗೆ ಬರುತ್ತೆ. ಮರದ ವಿಂಡ್‌ವರ್ಡ್ ಬದಿಗೆ ನಿಲ್ಲಿ, ಗಾಳಿ ನಿಮ್ಮ ಬೆನ್ನಿಗಿರಲಿ. ಕನ್ನಡಕವಂತೂ ಬೇಕೇ ಬೇಕು.

ಆ್ಯಪ್ ನೋಡೋರಿಗೆ ಒಂದು ಮಾತು. 'ಎಸ್‌ಡಬ್ಲ್ಯೂ' ಅಂದ್ರೆ ಗಾಳಿ ನೈಋತ್ಯದಿಂದ ಬರ್ತಿದೆ ಅಂತ. ಆದ್ರೆ ಹೆಚ್ಚಿನ ಆ್ಯಪ್‌ಗಳಲ್ಲಿ ಬಾಣದ ಮೂತಿ ಗಾಳಿ ಹೋಗೋ ಕಡೆಗೆ, ಈಶಾನ್ಯಕ್ಕೆ ಇರುತ್ತೆ. ನೀವು ನಿಲ್ಲಬೇಕಾದ್ದು ಬಾಣದ ಬಾಲದ ಕಡೆ. ಕಣಿವೆಯೊಳಗೆ ಗಾಳಿ ಆ್ಯಪ್ ಹೇಳಿದ ಹಾಗೇ ಬೀಸಲ್ಲ, ಅದಕ್ಕೆ ಮೋಟಾರ್ ಚಾಲೂ ಮಾಡೋ ಮುಂಚೆ ಸೋಗೆ ಯಾವ ಕಡೆ ವಾಲ್ತಿದೆ ಅಂತ ಒಮ್ಮೆ ತಲೆ ಎತ್ತಿ ನೋಡ್ಕೊಳ್ಳಿ.