ಹವ್ಯಾಸಿಯ ಕ್ಯಾಮೆರಾ, ವೃತ್ತಿಗಾರನ ಹೊಣೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಛಾಯಾಗ್ರಹಣದ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ಸಂಕೋಚದಿಂದಲೇ ಒಪ್ಪಿದೆ. ಉಮರ್ಗಾದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಸ್ಟುಡಿಯೋ ನಡೆಸಿದವನಾದರೂ, ಈ ಶಾಲೆಯ ಮಟ್ಟಿಗೆ ನಾನು ತಪ್ಪಿತಸ್ಥ.

ಬೆಲೆಬಾಳುವ ಕ್ಯಾಮೆರಾ ಇದ್ದವನು ವೃತ್ತಿಗಾರ, ಇಲ್ಲದವನು ಹವ್ಯಾಸಿ ಎಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ಸರಿಯಲ್ಲ. ನಮ್ಮ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ ಕೀರ್ತಿ ಪಡೆದ ರಾಜಾ ದೀನದಯಾಳರು ರೂರ್ಕಿಯಲ್ಲಿ ಎಂಜಿನಿಯರಿಂಗ್ ಓದಿ, ಇಂದೂರಿನಲ್ಲಿ ಸರಕಾರಿ ನೌಕರಿಯಲ್ಲಿದ್ದವರು. 1874ರ ಸುಮಾರಿಗೆ ಅವರು ಕ್ಯಾಮೆರಾ ಹಿಡಿದದ್ದು ಹವ್ಯಾಸವಾಗಿಯೇ. ಕಣ್ಣು, ಕಲ್ಪನೆ ಇಬ್ಬರಿಗೂ ಸಮಾನ. ಹವ್ಯಾಸಿಗೆ ಬಿಡುವು ಹೆಚ್ಚಾದ್ದರಿಂದ ಎಷ್ಟೋ ಸಲ ಅವನ ಚಿತ್ರವೇ ಮೇಲು. ಉದಗೀರದ ಕೋಟೆಯ ಚಿತ್ರ ಕೆಟ್ಟರೆ ಅವನು ಮುಂದಿನ ಭಾನುವಾರ ಮತ್ತೆ ಹೋಗಬಲ್ಲ. ಆದರೆ ನಿಲಂಗಾದ ಮದುವೆ ಮಂಟಪದಲ್ಲಿ ಅಕ್ಷತೆ ಬೀಳುವುದು ಒಮ್ಮೆ ಮಾತ್ರ.

1984ರಲ್ಲಿ ನಾನು ಇಲ್ಲಿ ಎಸ್.ಎಸ್.ಸಿ. ವಿದ್ಯಾರ್ಥಿ. ವರ್ಷವೂ ಬೀಳ್ಕೊಡುಗೆಯ ದಿನ ಗುಂಪಿನ ಚಿತ್ರಕ್ಕೆ ಸ್ಟುಡಿಯೋದವರನ್ನು ಕರೆಸುವ ರೂಢಿಯಿತ್ತು. ಸೋದರಮಾವನ 35 ಮಿಲಿಮೀಟರ್ ಕ್ಯಾಮೆರಾ ನನ್ನ ಕೈಯಲ್ಲಿತ್ತು. ಹಣ ಉಳಿಯುತ್ತದೆಂದು ಮುಖ್ಯ ಗುರುಗಳನ್ನು ನಾನೇ ಒಪ್ಪಿಸಿದೆ. "ನೋಡಪಾ, ಇವರೆಲ್ಲಾ ಮತ್ತ ಒಂದ ಕಡೆ ಕೂಡಂಗಿಲ್ಲ" ಎಂದಷ್ಟೇ ಅವರು ಎಚ್ಚರಿಸಿದರು. ಎಂಟು ಹತ್ತು ಸಲ ಗುಂಡಿ ಒತ್ತಿದೆ. ಪ್ರತಿ ಸಲವೂ ಎಣಿಕೆಯ ಅಂಕಿ ಮುಂದೆ ಸರಿಯಿತು. ಕ್ಯಾಮೆರಾ ತೆರೆದಾಗ ರೀಲು ತನ್ನ ಡಬ್ಬಿಯಲ್ಲಿ ಸುರುಳಿಯಾಗಿ ಹಾಗೆಯೇ ಕುಳಿತಿತ್ತು. ಅದರ ತುದಿ ಸುತ್ತುವ ಉರುಳೆಗೆ ಸಿಕ್ಕಿಯೇ ಇರಲಿಲ್ಲ.

ಮುಂದೆ ಉದಗೀರದ ಹಿರಿಯ ಛಾಯಾಗ್ರಾಹಕರೊಬ್ಬರ ಕೈಕೆಳಗೆ ಕೆಲಸ ಕಲಿತಾಗ ಅವರು ಹೇಳಿಕೊಟ್ಟ ಮೊದಲ ಪಾಠ ಇದೇ: ರೀಲು ತುಂಬಿ ಬಾಗಿಲು ಮುಚ್ಚಿದ ಬಳಿಕ ಎಡಗಡೆಯ ಗುಬ್ಬಿಯನ್ನು ಮೆಲ್ಲನೆ ತಿರುಗಿಸಿ ಬಿಗಿಮಾಡಬೇಕು, ಸನ್ನೆ ಎಳೆದಾಗ ಆ ಗುಬ್ಬಿಯೂ ತಿರುಗಿದರೆ ಮಾತ್ರ ರೀಲು ಸಾಗುತ್ತಿದೆ. ಅಂಕಿಯನ್ನು ನಂಬಬಾರದು. ನಮ್ಮ ಕಡೆಯ ಗಾಂಧಿ ಟೋಪಿ, ಬಿಳಿ ಧೋತರಗಳ ಗುಂಪಿನಲ್ಲಿ ಬೆಳಕಿನ ಮಾಪಕವೂ ಮೋಸಹೋಗುತ್ತದೆ. ಬಿಳುಪನ್ನು ಕಂಡು ಬೆಳಕು ಹೆಚ್ಚಿದೆಯೆಂದು ಅದು ಹೇಳುತ್ತದೆ, ಮುಖಗಳು ಕಪ್ಪಾಗುತ್ತವೆ. ಆದ್ದರಿಂದ ಮುಖದ ಹತ್ತಿರ ಹೋಗಿ ಅಳೆಯಬೇಕು. ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರಾದ್ದರಿಂದ ಮೂರು ನೆಗೆಟಿವ್ ಬೇಕು. ಕೊನೆಯದಾಗಿ, ಪ್ರತಿ ನೆಗೆಟಿವನ್ನೂ ಲಕೋಟೆಗೆ ಹಾಕಿ, ದಿನಾಂಕ, ಊರು, ಮನೆತನ ಬರೆದಿಡಬೇಕು. ಈ ಕೊನೆಯ ಕೆಲಸ ನನಗೆ ಬಹಳ ಬೇಸರದ್ದಾಗಿತ್ತು.

1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರು ಮೊದಲಾದ ಊರುಗಳ ಕಲ್ಲು ಮಣ್ಣಿನ ಮನೆಗಳು ನೆಲಸಮವಾದುದನ್ನು ವಾಚಕರು ಬಲ್ಲರು. ಆ ತಿಂಗಳುಗಳಲ್ಲಿ ಜನ ನನ್ನ ಅಂಗಡಿಗೆ ಬರತೊಡಗಿದರು. ಗೋಡೆಗೆ ತೂಗುಹಾಕಲು ತೀರಿಕೊಂಡವರ ಒಂದು ಮುಖ ಬೇಕಿತ್ತು. ಯಾರದೋ ಮದುವೆಯಲ್ಲಿ ಮೂರನೆಯ ಸಾಲಿನಲ್ಲಿ ನಿಂತವರನ್ನು ಲಕೋಟೆಗಳಿಂದ ಹುಡುಕಿ, ಹಿಗ್ಗಿಸಿ ಕೊಟ್ಟೆ. ಅವರಲ್ಲಿ ಒಬ್ಬ ಹುಡುಗ ನನ್ನ ಸಹಪಾಠಿಯೊಬ್ಬಳ ತಮ್ಮ. ಅವಳನ್ನು ಸಾಸ್ತೂರಿಗೆ ಕೊಟ್ಟಿದ್ದರು. ಮದುವೆಯ ಚಿತ್ರಗಳು ಅವಳೊಂದಿಗೆ ಮನೆಯಡಿಯಲ್ಲಿ ಹೋಗಿದ್ದವು. "ಅಣ್ಣಾ, ಅಕ್ಕನ ಸಾಲೀ ಫೋಟೋ ನೀವ ತಗದಿದ್ರಿ ಅಂತಲ್ರಿ?" ಎಂದ. ಇದ್ದ ಸಂಗತಿಯನ್ನೇ ಅವನಿಗೆ ಹೇಳಿದೆ.

ಇಂದು ಮೊಬೈಲಿನಲ್ಲಿ ರೀಲಿಲ್ಲ, ಗುಬ್ಬಿಯಿಲ್ಲ. ತೆಗೆದ ಚಿತ್ರ ಆ ಕ್ಷಣವೇ ಕಾಣುತ್ತದೆ. ಲಕೋಟೆಯ ಕೆಲಸ ಮಾತ್ರ ಉಳಿದಿದೆ, ಅದನ್ನು ಮಾಡುವವರು ಕಡಿಮೆ.

ಈ ಸಂಚಿಕೆಯಲ್ಲಿ ವರ್ಷವಾರು ಗುಂಪಿನ ಚಿತ್ರಗಳು ಅಚ್ಚಾಗಿವೆ. 1984ರ ಜಾಗದಲ್ಲಿ ಹೆಸರುಗಳು ಮಾತ್ರ ಇವೆ. ಅಂದು ಯಾರು ಎಲ್ಲಿ ನಿಂತಿದ್ದರೆಂಬುದು ನನಗೆ ನೆನಪಿದ್ದುದರಿಂದ ಅದೇ ಕ್ರಮದಲ್ಲಿ ಬರೆದುಕೊಟ್ಟಿದ್ದೇನೆ. ಎರಡನೆಯ ಸಾಲಿನ ಎಡತುದಿಯ ಹೆಸರು ಅವಳದು.