ಅಂಗೈಯಗಲದ ಮಾರುತ

ನಮ್ಮ ಮನೆ ಇರುವುದು ಯಲಹಂಕ ಉಪನಗರದಲ್ಲಿ. ಏರೋ ಇಂಡಿಯಾ ಪ್ರದರ್ಶನ ಬಂತೆಂದರೆ ತಾರಸಿಯ ಮೇಲೆ ಬಟ್ಟೆ ಒಣಹಾಕಲೂ ಜಾಗವಿರುವುದಿಲ್ಲ. ನೆಂಟರು, ನೆರೆಹೊರೆಯವರು ಎಲ್ಲರೂ ಅಲ್ಲೇ. ಕಳೆದ ಸಲ ಏಳನೇ ತರಗತಿಯ ನನ್ನ ಮೊಮ್ಮಗ ಕೇಳಿದ: "ತಾತ, ತೇಜಸ್ ನಮ್ಮದು ಅಂತ ಗೊತ್ತು. ಅದಕ್ಕೂ ಮೊದಲು ನಾವು ಯುದ್ಧವಿಮಾನ ಮಾಡೇ ಇರಲಿಲ್ವಾ?"

"ಮಾಡಿದ್ವಿ ಕಣೋ. ನಾನು ನಿನ್ನಷ್ಟಿದ್ದಾಗಲೇ, ಇದೇ ಬೆಂಗಳೂರಲ್ಲಿ" ಎಂದೆ.

ಅದರ ಹೆಸರು ಎಚ್.ಎಫ್.-24 ಮಾರುತ್. ಮಾರುತ ಎಂದರೆ ಗಾಳಿ. 1956ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ನಮ್ಮ ಎಂಜಿನಿಯರುಗಳು ಅದನ್ನು ರೂಪಿಸಿದರು. ಮೊದಲು ಮಾಡಿದ್ದು ಲೋಹದ ವಿಮಾನವಲ್ಲ, ಅದೇ ಅಳತೆಯ ಮರದ ಗ್ಲೈಡರ್! ಅದಕ್ಕೆ ಎಂಜಿನ್ ಇರಲಿಲ್ಲ. 1959ರಲ್ಲಿ ಡಕೋಟಾ ವಿಮಾನ ಅದನ್ನು ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. ನಿಜವಾದ ಜೆಟ್ ಹಾರಿದ್ದು 1961ರ ಜೂನ್ 17ರಂದು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್ ಹಾರಿಸುತ್ತಲೇ ಅವರು ಅಪಘಾತದಲ್ಲಿ ತೀರಿಕೊಂಡರು. ಎಚ್.ಎ.ಎಲ್. ಕಡೆಯ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ತಕ್ಕಷ್ಟು ಶಕ್ತಿಯ ಎಂಜಿನ್ ಸಿಗದೆ, ಶಬ್ದದ ವೇಗ ಮೀರಬೇಕೆಂಬ ಆಸೆ ಕೈಗೂಡಲಿಲ್ಲ. ಆದರೂ 1971ರ ಯುದ್ಧದಲ್ಲಿ ಮಾರುತ್ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಕೆಲಸ ಮಾಡಿತು.

"ಹಾಗಾದ್ರೆ ನಾವೂ ಮರದಲ್ಲೇ ಮಾಡೋಣ" ಎಂದ ಹುಡುಗ.

ಲೆಕ್ಕ ನನ್ನ ಪಾಲಿಗೆ ಬಂತು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಭಾಗಾಕಾರ ಕಷ್ಟವೇ? ನಿಜವಾದ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. 72ರಿಂದ ಭಾಗಿಸಿದರೆ 22 ಸೆಂಟಿಮೀಟರ್ ಉದ್ದ, 12.5 ಸೆಂಟಿಮೀಟರ್ ಅಗಲ. ಎಚ್.ಎ.ಎಲ್. ವಸ್ತುಸಂಗ್ರಹಾಲಯಕ್ಕೆ ಹೋಗಿ ಅಲ್ಲಿರುವ ಮಾರುತ್‌ನ ಸುತ್ತ ಮೂರು ಪ್ರದಕ್ಷಿಣೆ ಹಾಕಿ ಫೋಟೊ ತೆಗೆದುಕೊಂಡೆವು. ಬಾಲ್ಸಾ ಮರ ಕೆತ್ತಿ, ಉಜ್ಜುಕಾಗದದಿಂದ ನಯಮಾಡಿ, ಬೆಳ್ಳಿ ಬಣ್ಣ ಬಳಿಯುವಷ್ಟರಲ್ಲಿ ಎರಡು ತಿಂಗಳಾಯಿತು.

ಇನ್ನು ಉಳಿದದ್ದು ಕೊನೆಯ ಚಿಕ್ಕಪುಟ್ಟ ಕೆಲಸ. ಗೊಂಬೆ ವಿಮಾನವಾಗುವುದು ಇಲ್ಲಿಯೇ. ಗಾಳಿಯ ವೇಗ ತಿಳಿಸುವ ಪಿಟೋ ಕೊಳವೆಗೆ ನಮ್ಮಾಕೆಯ ಹೊಲಿಗೆ ಸೂಜಿ. ಎಡ ರೆಕ್ಕೆಯ ತುದಿಗೆ ಕೆಂಪು ಚುಕ್ಕೆ, ಬಲಕ್ಕೆ ಹಸಿರು. ಎಲ್ಲ ವಿಮಾನಗಳ ದೀಪಕ್ಕೂ ಇದೇ ನಿಯಮ. ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳವನ್ನು ಸೂಪರ್ ಗ್ಲೂನಿಂದ ಅಂಟಿಸಬಾರದು. ಅದರ ಆವಿಗೆ ಗಾಜು ಮಂಜು ಹಿಡಿದಂತೆ ಬೆಳ್ಳಗಾಗುತ್ತದೆ. ಬಿಳಿ ಅಂಟೇ ಸರಿ.

ಕಡೆಯದು ವಾಯುಪಡೆಯ ಚಕ್ರಗಳು: ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಮೊದಲು ಹೊಳಪಿನ ವಾರ್ನಿಷ್ ಬಳಿಯಬೇಕು. ಒರಟು ಮೈಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿಕೊಂಡು ಹೊಳೆಯುತ್ತದೆ. ಚಕ್ರವನ್ನು ಅರ್ಧ ನಿಮಿಷ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಹಾಳೆಯಿಂದ ಮೆಲ್ಲಗೆ ಜಾರಿಸಬೇಕು.

ಬೇಕಾದದ್ದು ಆರು, ನಮ್ಮ ಬಳಿ ಇದ್ದದ್ದು ಎಂಟು. "ಇದು ನಾಜೂಕು ಕೆಲಸ, ನೀನು ಸುಮ್ಮನೆ ನೋಡು" ಎಂದು ಹುಡುಗನನ್ನು ದೂರ ಕೂರಿಸಿದೆ. ಮೊದಲನೆಯದು ನನ್ನ ಕೈಯಲ್ಲೇ ಮಡಚಿಕೊಂಡಿತು. ಎರಡನೆಯದು ಹರಿಯಿತು.

ಕೈ ನಡುಗುತ್ತಿತ್ತು. ವರ್ಷದಿಂದ ಹೀಗೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅದೇ ತಿಂಗಳು ನನ್ನದೊಂದು ಚೆಕ್ಕು ಸಹಿ ತಾಳೆಯಾಗದೆ ವಾಪಸು ಬಂದಿತ್ತು. ಅದನ್ನೂ ಬೀರುವಿನಲ್ಲಿ ಅಡಗಿಸಿದ್ದೆ. ಕೌಂಟರಿನಲ್ಲಿದ್ದ ಕಾಲದಲ್ಲಿ ಎಷ್ಟು ಜನ ಹಿರಿಯರಿಗೆ "ಸಹಿ ಸರಿಯಾಗಿ ಮಾಡಿ ಸ್ವಾಮಿ" ಎಂದು ಗದರಿದ್ದೆನೋ! ಅವರಲ್ಲಿ ಯಾರೂ ಬೇಕೆಂದು ಸೊಟ್ಟಗೆ ಬರೆದಿರಲಿಲ್ಲ ಎಂದು ಈಗ ಅರ್ಥವಾಯಿತು.

ಮೊಮ್ಮಗ ನನ್ನ ಕೈಯನ್ನೇ ನೋಡುತ್ತಿದ್ದ. "ತಾತ, ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ ಮಗು."

"ಅಪ್ಪಂಗೆ ನಾನೇ ಹೇಳ್ತೀನಿ. ಈಗ ಚಿಮಟ ಕೊಡಿ. ಎಲ್ಲಿ ಇಡಬೇಕು ಅಂತ ನೀವು ಹೇಳಿ."

ಮತ್ತೆ ಕೆಟ್ಟರೆ ಬದಲಿಗೆ ಒಂದೂ ಇರಲಿಲ್ಲ. ಕೊಡಲು ಮನಸ್ಸು ಹಿಂಜರಿಯಿತು; ಆದರೂ ಕೊಟ್ಟೆ. ನಾನು ಸ್ಕೇಲು ಹಿಡಿದು "ಎರಡು ಮಿಲಿಮೀಟರ್ ಹಿಂದಕ್ಕೆ" ಎನ್ನುವುದು, ಅವನು ಉಸಿರು ಬಿಗಿಹಿಡಿದು ಜಾರಿಸುವುದು, ಒದ್ದೆ ಕುಂಚದಿಂದ ಸರಿಪಡಿಸಿ ಹತ್ತಿಯಿಂದ ಒತ್ತುವುದು. ಹೀಗೆ ರಾತ್ರಿ ಊಟದ ಹೊತ್ತಿಗೆ ಆರೂ ಕೂತವು. ಒಂದೂ ಹರಿಯಲಿಲ್ಲ.

ಮರುವಾರ ಮಗ ನನ್ನನ್ನು ಡಾಕ್ಟರ ಬಳಿ ಕರೆದೊಯ್ದ. ಮಾತ್ರೆ ಶುರುವಾಗಿದೆ. ಬ್ಯಾಂಕಿಗೂ ಹೋಗಿ ಹೊಸ ಸಹಿಯ ಮಾದರಿ ಕೊಟ್ಟು ಬಂದೆ.

ಶಾಲೆಯ ಪ್ರದರ್ಶನದಲ್ಲಿ ಮಾರುತ್ ಪಕ್ಕದ ಚೀಟಿಯಲ್ಲಿ ಮೊಮ್ಮಗ ತನ್ನ ಹೆಸರು ಬರೆದು, ಕೆಳಗೆ "ಸಹಾಯ: ತಾತ" ಎಂದು ಸೇರಿಸಿದ್ದ. ಮರ ಕೆತ್ತಿದವನು ನಾನಲ್ಲವೇ ಎಂದು ತುಸು ಮುನಿಸಿಕೊಂಡೆ. ಮನೆಗೆ ಬಂದು ಯೋಚಿಸಿದರೆ, ಅವನು ಬರೆದದ್ದೇ ಸರಿ ಎನಿಸಿತು.

ಅಜ್ಜ ಅಜ್ಜಿಯರೇ, ಮೊಮ್ಮಕ್ಕಳ ಜೊತೆ ಏನಾದರೂ ಮಾಡಲು ಕೂತರೆ ಕೊನೆಯ ನಾಜೂಕು ಕೆಲಸವನ್ನು ಅವರಿಗೇ ಬಿಡಿ. ಮಕ್ಕಳೇ, ನೀವು ತಾತನ ಕೈಯನ್ನು ಆಗಾಗ ಗಮನಿಸಿ. ನಾವಾಗಿ ಹೇಳುವುದು ಕಡಿಮೆ.