ಗೊಬ್ಬರ ಹಾಕಿದ ಕುಂಡದಲ್ಲೇ ಟೊಮೆಟೊ ಮುರುಟಿದ್ದೇಕೆ?

ಪ್ರಶ್ನೆ: ಹಳ್ಳಿಯಿಂದ ಕೊಟ್ಟಿಗೆ ಗೊಬ್ಬರ ತರಿಸಿ ತಾರಸಿಯ ಕುಂಡಗಳಿಗೆ ಹಾಕಿದೆ. ಟೊಮೆಟೊ, ಬೀನ್ಸ್ ಎರಡರ ಕುಡಿಯೂ ಮುರುಟಿದೆ. ಗೊಬ್ಬರದಿಂದಲೂ ಹೀಗಾಗುತ್ತದೆಯೇ?
– ಓದುಗರೊಬ್ಬರು, ಹರಿಹರ

ಉತ್ತರ: ಆಗಬಹುದು. ನಿಮ್ಮ ಸುತ್ತಲಿನ ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳಿಗೆ ಹೊಡೆಯುವ 2,4-ಡಿ ಸಸ್ಯದ ಬೆಳವಣಿಗೆಯ ಹಾರ್ಮೋನಿನ ವೇಷ ಹಾಕುವ ಕಳೆನಾಶಕ. ಹುಲ್ಲಿನ ಜಾತಿಯ ಬೆಳೆ ಅದನ್ನು ತಾಳಿಕೊಳ್ಳುತ್ತದೆ; ಅಗಲ ಎಲೆಯ ಗಿಡ ಅಡ್ಡಾದಿಡ್ಡಿ ಬೆಳೆದು ಸಾಯುತ್ತದೆ. 2,4-ಡಿ ತಿಪ್ಪೆಯಲ್ಲಿ ಸಾಮಾನ್ಯವಾಗಿ ಬೇಗ ಕರಗುತ್ತದೆ. ಅದರ ದಾಯಾದಿ ಅಮಿನೋಪೈರಲಿಡ್ ಹಾಗಲ್ಲ. ಮೇವಿನೊಡನೆ ದನದ ಹೊಟ್ಟೆ ಹೊಕ್ಕು, ಹೋದ ಹಾಗೇ ಸಗಣಿಯಲ್ಲಿ ಹೊರಬರುತ್ತದೆ. 2008ರಲ್ಲಿ ಬ್ರಿಟನ್ನಿನಲ್ಲಿ ಬಾಡಿಗೆ ಪಾತಿಗಳಲ್ಲಿ ತರಕಾರಿ ಬೆಳೆಯುತ್ತಿದ್ದ ಅನೇಕರ ಟೊಮೆಟೊ, ಆಲೂಗಡ್ಡೆ, ಬೀನ್ಸ್ ಹೀಗೇ ಹಾಳಾದವು. ಆ ಜುಲೈನಲ್ಲಿ ಅದರ ಮಾರಾಟವನ್ನೇ ಅಲ್ಲಿ ತಡೆಹಿಡಿಯಲಾಯಿತು.

ಆದರೆ ಆತುರದಿಂದ ಗೊಬ್ಬರವನ್ನೇ ದೂರಬೇಡಿ. ಬಿಳಿನೊಣ ಹರಡುವ ಎಲೆ ಮುಟುರು ರೋಗದಲ್ಲೂ ಟೊಮೆಟೊ ಎಲೆ ಸುರುಟುತ್ತದೆ. ಪತ್ತೆಗೆ ಬೀನ್ಸ್ ಬೀಜವೇ ಸಾಕು. ಮೂರು ಕುಂಡಗಳಿಗೆ ಬರೀ ಮಣ್ಣು, ಇನ್ನು ಮೂರಕ್ಕೆ ಸಮಪಾಲು ಮಣ್ಣು–ಗೊಬ್ಬರ ತುಂಬಿ ಬಿತ್ತಿ. ಮೂರು ವಾರ ಕಾಯಿರಿ. ಗೊಬ್ಬರದ ಕುಂಡಗಳಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮಡಚಿ, ಕುಡಿ ಸುರುಳಿ ಸುತ್ತಿದರೆ ಅನುಮಾನ ಗಟ್ಟಿ.

ಆಗ ಆ ಗೊಬ್ಬರವನ್ನು ತರಕಾರಿಗೆ ಹಾಕಬೇಡಿ. ಹಾಕಿದ ಮಣ್ಣನ್ನು ಆಗಾಗ ಕೆದಕಿ, ಒದ್ದೆಯಾಗಿಡಿ. ಸೂಕ್ಷ್ಮಜೀವಿಗಳು ನಿಧಾನವಾಗಿ ವಿಷ ಕರಗಿಸುತ್ತವೆ. ಮುಂದಿನ ಸಲ ಗೊಬ್ಬರ ಕೊಳ್ಳುವಾಗ, ದನಕ್ಕೆ ಹಾಕಿದ ಸೊಪ್ಪೆ ಯಾವ ಹೊಲದ್ದು, ಅಲ್ಲಿ ಏನು ಹೊಡೆದಿದ್ದರು ಎಂದು ಒಂದು ಮಾತು ಕೇಳಿ.